ಪಿನ್ ಕೋಡನ್ನು ನಡುವೆ ಕತ್ತರಿಸಿ ನೋಡಿ

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವಾಗ ಅಪವರ್ತನದ (ಸಂಖ್ಯೆಯನ್ನು ಅದರ ಭಾಜಕಗಳ ಗುಣಲಬ್ಧವಾಗಿ ಒಡೆಯುವ) ಅಭ್ಯಾಸಕ್ಕೆ ನಾನು ಹಿಡಿದುಕೊಂಡ ಸಂಖ್ಯೆಗಳು ಎರಡು: 571401 ಮತ್ತು 570001. ಮೊದಲನೆಯದು ಮಂಡ್ಯದ ಪಿನ್ ಕೋಡ್, ಎರಡನೆಯದು ಮೈಸೂರಿನದು. ಆರು ಅಂಕಿ ಕಂಡ ತಕ್ಷಣ ಮೊಬೈಲ್ ತೆಗೆಯಬೇಡಿ.

ಮಂಡ್ಯದ್ದನ್ನು 571, 401 ಎಂದು ಎರಡು ತುಂಡು ಮಾಡಿ ಕೂಡಿಸಿ. 972 ಬರುತ್ತದೆ, ಅಂದರೆ 27 × 36. ಹಾಗಾದರೆ 571401 ಕೂಡ 27ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಯಾಕೆ? ಸಾವಿರ ಎಂದರೆ 999 + 1. ಆದ್ದರಿಂದ ನಮ್ಮ ಸಂಖ್ಯೆ 571 × 999 + (571 + 401). 999 = 27 × 37 ಆಗಿರುವುದರಿಂದ ಮೊದಲ ಭಾಗದ ಚಿಂತೆ ಬೇಡ. ಕಂಸದೊಳಗಿನದನ್ನು ನೋಡಿದರೆ ಸಾಕು. 9ಕ್ಕೆ ಅಂಕಿ ಕೂಡಿಸುವ ನಿಯಮ ಶಾಲೆಯಲ್ಲೇ ಕಲಿತಿದ್ದೀವಿ, ಅಲ್ವಾ? ಅದೂ ಇದೇ ಜಾತಿಯದು, ಅಲ್ಲಿ 10 ಎಂದರೆ 9 + 1. ಅಂಕಿಗಳ ಮೊತ್ತ 27 ಬಂದರೆ 27ರಿಂದ ಭಾಗ ಹೋಗುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ತಪ್ಪು. 1899 ತೆಗೆದುಕೊಳ್ಳಿ: ಮೊತ್ತ 27, ಆದರೂ 9 ಶೇಷ ಉಳಿಯುತ್ತದೆ.

ಈಗ ಕೂಡುವ ಬದಲು ಕಳೆಯಿರಿ: 571 − 401 = 170. ಸಾವಿರವನ್ನು 1001 − 1 ಎಂದೂ ಬರೆಯಬಹುದು, ಆಗ ನಮ್ಮ ಸಂಖ್ಯೆ 571 × 1001 − (571 − 401). 1001 = 7 × 11 × 13. ಈ ಮೂರರಲ್ಲಿ ಯಾವುದೂ 170ನ್ನು ಭಾಗಿಸುವುದಿಲ್ಲ. ಹಾಗಾಗಿ 571401ನ್ನೂ ಭಾಗಿಸುವುದಿಲ್ಲ. ಒಂದೇ ಕಳೆತದಲ್ಲಿ ಮೂರು ಪರೀಕ್ಷೆ ಮುಗಿಯಿತು!

571401ನ್ನು 27ರಿಂದ ಭಾಗಿಸಿದರೆ ಸಿಗುವುದು 21163. ಇದರ ವರ್ಗಮೂಲ 145ಕ್ಕಿಂತ ಸ್ವಲ್ಪ ಜಾಸ್ತಿ, ಆದ್ದರಿಂದ 139ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಆಯಿತು. 83 ಸ್ವಲ್ಪ ಆಸೆ ತೋರಿಸಿತು: 83 × 255 = 21165. ಎರಡರಲ್ಲಿ ತಪ್ಪಿತು. ಉಳಿದವೂ ಭಾಗಿಸಲಿಲ್ಲ. ಅಲ್ಲಿಗೆ 571401 = 3 × 3 × 3 × 21163. ಒಟ್ಟು ಎಂಟು ಭಾಜಕಗಳು.

ಮೈಸೂರಿನದು ಇನ್ನೂ ಮಜಾ. 570, 001. ಕೂಡಿದರೆ 571, ಕಳೆದರೆ 569. ಎರಡೂ ಅವಿಭಾಜ್ಯ, ಅದರಲ್ಲೂ ಅವಳಿ, ಅಂದರೆ ಅವುಗಳ ವ್ಯತ್ಯಾಸ ಬರೀ ಎರಡು! ಹಾಗಾಗಿ 3, 7, 11, 13, 37 ಎಲ್ಲಾ ಒಂದೇ ಏಟಿಗೆ ಹೊರಗೆ. ಆದರೆ ಇಷ್ಟಕ್ಕೇ 570001 ಅವಿಭಾಜ್ಯ ಎಂದು ಬರೆದುಬಿಟ್ಟರೆ ಅಂಕ ಹೋಗುತ್ತದೆ. 30001 ನೋಡಿ. ಅದರಲ್ಲೂ 31, 29 ಅವಳಿಗಳೇ ಬರುತ್ತವೆ, ಆದರೆ 30001 = 19 × 1579. ಮೈಸೂರಿಗೆ 19ರ ಕಾಟವಿಲ್ಲ. 570000ವೇ 19ರ ಗುಣಕ, ಶೇಷ 1.

ಉಳಿದದ್ದಕ್ಕೆ ಅಡ್ಡದಾರಿ ಸಿಗಲಿಲ್ಲ. 755 × 755 = 570025, ಆದ್ದರಿಂದ 751ರವರೆಗೆ ಹೋಗಬೇಕು. ಅಲ್ಲಿಯವರೆಗೆ 133 ಅವಿಭಾಜ್ಯಗಳಿವೆ. ಕೂತು ಭಾಗಿಸಿದೆ. 103ರಲ್ಲಿ ಸಿಕ್ಕೇಬಿಟ್ಟಿತು ಅಂದುಕೊಂಡೆ: 103 × 5534 = 570002. ಒಂದೇ ಒಂದು ಹೆಚ್ಚು. 751 ಮುಗಿಯುವವರೆಗೂ ಯಾವುದೂ ಭಾಗಿಸಲಿಲ್ಲ. ಮೈಸೂರಿನ ಪಿನ್ ಕೋಡ್ ಅವಿಭಾಜ್ಯ.