ಕೈಗೆ ಒಗ್ಗುವ ಕಂಟ್ರೋಲರ್: ಎರ್ಗೊನಾಮಿಕ್ಸ್ ಎಂದರೇನು?

ಬಳಸುವ ವಸ್ತು ನಮ್ಮ ಮೈಗೆ ಹೊಂದಿಕೊಳ್ಳಬೇಕೇ ಹೊರತು, ನಮ್ಮ ಮೈ ವಸ್ತುವಿಗೆ ತಕ್ಕಂತೆ ಬಾಗಬಾರದು. ಈ ವಿಚಾರವನ್ನು ಅಳತೆ, ಪ್ರಯೋಗಗಳ ಮೂಲಕ ಬೆಳೆಸಿದ ಶಾಸ್ತ್ರದ ಹೆಸರು ಎರ್ಗೊನಾಮಿಕ್ಸ್. ಪೋಲೆಂಡಿನ ವಿಜ್ಞಾನಿ ವೊಯ್ಚೆಕ್ ಯಾಸ್ಟ್ರೆಂಬೊವ್ಸ್ಕಿ 1857ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಕಚೇರಿಯ ಕುರ್ಚಿ, ಕೀಬೋರ್ಡ್, ಕಾರಿನ ಸ್ಟಿಯರಿಂಗ್ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಆದರೂ ಈ ಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ಅರಿಯಲು ವಿಡಿಯೊ ಗೇಮ್ ಕಂಟ್ರೋಲರ್‌ಗಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ಕಣ್ಣು ಪರದೆಯ ಮೇಲಿರುತ್ತದೆ, ಕಂಟ್ರೋಲರ್ ಕಡೆ ಯಾರೂ ನೋಡುವುದಿಲ್ಲ. ಬೆರಳುಗಳು ತಾವೇ ದಾರಿ ಹುಡುಕಿಕೊಳ್ಳಬೇಕು. ಅದೂ ಗಂಟೆಗಟ್ಟಲೆ.

ಹಳ್ಳಿಗಳಲ್ಲಿ ಗುದ್ದಲಿಗೆ ಕಾವು ಕೂಡಿಸುವವರು ಅದನ್ನು ಹಿಡಿಯುವವರ ಎತ್ತರ ಮತ್ತು ಅಂಗೈ ನೋಡಿಯೇ ಮರ ಕೆತ್ತುತ್ತಾರೆ. ಕಂಟ್ರೋಲರ್ ವಿನ್ಯಾಸಕಾರರಿಗೆ ಆ ಅನುಕೂಲವಿಲ್ಲ. ಒಂದೇ ಅಚ್ಚಿನಲ್ಲಿ ಕೋಟಿಗಟ್ಟಲೆ ತಯಾರಾಗುವ ವಸ್ತು ಎಂಟು ವರ್ಷದ ಹುಡುಗಿಯ ಕೈಗೂ ಆರಡಿ ಆಳಿನ ಕೈಗೂ ಒಗ್ಗಬೇಕು. ಇಲ್ಲಿನ ಬಿಕ್ಕಟ್ಟೆಲ್ಲ ಹುಟ್ಟುವುದು ಇದರಿಂದಲೇ.

ಮೊದಲು ಕೈಯನ್ನೇ ಗಮನಿಸೋಣ. ತೋಳನ್ನು ಸಡಿಲ ಬಿಟ್ಟು ಕುಳಿತರೆ ಬೆರಳುಗಳು ಅರ್ಧ ಮಡಚಿಕೊಳ್ಳುತ್ತವೆ, ಅಂಗೈಗಳು ಒಂದಕ್ಕೊಂದು ಓರೆಯಾಗಿ ಎದುರುಬದುರಾಗುತ್ತವೆ, ಮಣಿಕಟ್ಟು ನೇರವಾಗಿರುತ್ತದೆ. ಸ್ನಾಯುಗಳಿಗೆ ಅತಿ ಕಡಿಮೆ ದುಡಿಮೆ ಇರುವ ಭಂಗಿ ಇದು. ಕಂಟ್ರೋಲರ್ ಹಿಡಿದಾಗ ಕೈ ಈ ಭಂಗಿಯಿಂದ ಎಷ್ಟು ದೂರ ಸರಿಯುತ್ತದೆಯೋ ಅಷ್ಟು ದಣಿವು. ಅಲುಗಾಡದೆ ಬಿಗಿಹಿಡಿದ ಸ್ನಾಯುವಿಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಆದ್ದರಿಂದ ಓಡಾಡುವ ಬೆರಳಿಗಿಂತ ಹಿಡಿದು ನಿಂತ ಬೆರಳೇ ಬೇಗ ಸೋಲುವುದುಂಟು. ಹೆಬ್ಬೆರಳಿನ ನೋವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಕಿರುಬೆರಳು ಮತ್ತು ಉಂಗುರಬೆರಳು ಕಂಟ್ರೋಲರಿನ ಭಾರ ಹೊತ್ತು ಬಳಲುವುದನ್ನು ಮರೆಯುವವರೇ ಹೆಚ್ಚು.

ನಿಂಟೆಂಡೊ ಕಂಪನಿಯ 1983ರ ಗೇಮ್ ಯಂತ್ರ ಫ್ಯಾಮಿಕಾಮ್‌ನ ಕಂಟ್ರೋಲರ್ ಒಂದು ಚಪ್ಪಟೆ ಆಯತ. ಹಿಡಿಯಲು ಉಬ್ಬಿಲ್ಲ, ತಗ್ಗಿಲ್ಲ. ಎಡಗಡೆ ಗುನ್ಪೇ ಯೊಕೊಯಿ ರೂಪಿಸಿದ ಶಿಲುಬೆಯಾಕಾರದ ದಿಕ್ಕಿನ ಬಟನ್ ಡಿ-ಪ್ಯಾಡ್, ಬಲಗಡೆ ಎರಡು ಬಟನ್. ಹೊತ್ತು ಕಳೆದಂತೆ ಅದರ ಅಂಚು ಅಂಗೈಗೆ ಒತ್ತುತ್ತದೆ. 1990ರ ಸೂಪರ್ ಫ್ಯಾಮಿಕಾಮ್ ಮೂಲೆಗಳನ್ನು ದುಂಡಗಾಗಿಸಿತು, ಮೇಲಂಚಿನಲ್ಲಿ ತೋರುಬೆರಳುಗಳಿಗೂ ಕೆಲಸ ಕೊಟ್ಟಿತು. ದೊಡ್ಡ ಬದಲಾವಣೆ ಬಂದದ್ದು 1994ರಲ್ಲಿ, ಸೋನಿ ಕಂಪನಿಯ ಪ್ಲೇಸ್ಟೇಷನ್ ಜೊತೆಗೆ. ವಿನ್ಯಾಸಕಾರ ತೇಯು ಗೊತೊ ಕಂಟ್ರೋಲರಿನ ಎರಡೂ ಬದಿಗೆ ಕೆಳಕ್ಕೆ ಇಳಿದ ಹಿಡಿಗಳನ್ನು ಕೊಟ್ಟರು. ಜನ ಚಪ್ಪಟೆ ಕಂಟ್ರೋಲರಿಗೆ ಒಗ್ಗಿಹೋಗಿದ್ದಾರೆ, ಇದನ್ನು ಒಪ್ಪಲಾರರು ಎಂಬ ಅಳುಕು ಕಂಪನಿಯೊಳಗೆ ಇತ್ತು. ಸೋನಿಯ ಅಂದಿನ ಅಧ್ಯಕ್ಷ ನೊರಿಯೊ ಓಗಾ ಹಿಡಿಯಿರುವ ರೂಪದ ಪರವಾಗಿ ಗಟ್ಟಿಯಾಗಿ ನಿಂತರು. ಆ ಹಿಡಿಗಳಿಂದ ಆದ ಲಾಭ ಇಷ್ಟು: ಭಾರವನ್ನು ಅಂಗೈ ಹೊತ್ತುಕೊಂಡಿತು, ಹೆಬ್ಬೆರಳು ಬಿಡುಗಡೆಯಾಯಿತು. ಮೂವತ್ತು ವರ್ಷ ಕಳೆದರೂ ಟಿವಿ ಮುಂದೆ ಆಡುವ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು ಈ ದೇಹವನ್ನು ಬಿಟ್ಟಿಲ್ಲ.

ಕಂಟ್ರೋಲರಿನ ಎಲ್ಲ ಲೆಕ್ಕಾಚಾರವೂ ಕೊನೆಗೆ ಹೆಬ್ಬೆರಳಿನ ಹತ್ತಿರ ಬಂದು ನಿಲ್ಲುತ್ತದೆ. ಅದು ಸುಮ್ಮನೆ ಮಡಚಿ ಬಿಚ್ಚುವ ಬೆರಳಲ್ಲ. ಬುಡದಲ್ಲಿರುವ ಕೀಲು ಅದನ್ನು ಮುಂದಕ್ಕೂ ಪಕ್ಕಕ್ಕೂ ಆಡಿಸುತ್ತದೆ, ಅರ್ಧವೃತ್ತದಲ್ಲಿ ತಿರುಗಿಸುತ್ತದೆ. ಹಳೆಯ ಸೂಪರ್ ಮಾರಿಯೊ ಬ್ರದರ್ಸ್ ಆಡುವವರ ಬಲಗೈ ನೋಡಿ. ಓಡಲು ಬಿ ಬಟನ್ ಒತ್ತಿ ಹಿಡಿಯಬೇಕು, ಬಿಡದೆಯೇ ಹಾರಲು ಎ ಒತ್ತಬೇಕು. ಎರಡು ಬಟನ್‌ಗೆ ಎರಡು ಬೆರಳು ಬಳಸುವವರು ಕಡಿಮೆ. ಹೆಬ್ಬೆರಳಿನ ತುದಿ ಬಿ ಮೇಲೆ ಕೂರುತ್ತದೆ, ಅದರ ಗೆಣ್ಣಿನ ಬಳಿಯ ಮಾಂಸಲ ಭಾಗ ಹೊರಳಿ ಎ ಒತ್ತುತ್ತದೆ. ಈ ಹೊರಳಾಟವನ್ನು ಮಕ್ಕಳಿಗೆ ಯಾರೂ ಕಲಿಸಿಕೊಡಲಿಲ್ಲ, ಕೈ ತಾನೇ ಕಂಡುಕೊಂಡಿತು. ಸೂಪರ್ ಫ್ಯಾಮಿಕಾಮ್‌ನಲ್ಲಿ ನಾಲ್ಕು ಬಟನ್‌ಗಳು ವಜ್ರಾಕಾರಕ್ಕೆ ಬಂದಾಗ ಎಡಗಡೆಯ ಬಟನ್‌ನಿಂದ ಕೆಳಗಿನ ಬಟನ್‌ಗೆ ಎಳೆದ ಓರೆಗೆರೆ ಹೆಬ್ಬೆರಳಿನ ಉದ್ದಕ್ಕೆ ಸರಿಯಾಗಿ ಹೊಂದಿತು. ಓಡುವ ಬಟನ್ ತುದಿಗೆ, ಹಾರುವ ಬಟನ್ ಗೆಣ್ಣಿಗೆ. ಇಂದಿನ ಕಂಟ್ರೋಲರ್‌ಗಳಲ್ಲಿಯೂ ಆ ವಜ್ರವೇ ಉಳಿದಿದೆ. ಒಳ್ಳೆಯ ಎರ್ಗೊನಾಮಿಕ್ಸ್ ಅಂದರೆ ನನ್ನ ಪಾಲಿಗೆ ಇದು: ವಿವರಣೆ ಕೇಳದೆ ಕೈ ಒಪ್ಪಿಕೊಳ್ಳಬೇಕು.

ಇನ್ನು ಎಡಗೈ. ಆಟಗಾರರ ನಡುವೆ ತೀರದ ವಾದ ಇರುವುದು ಇಲ್ಲಿಯೇ. ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಎರಡು ಅನಲಾಗ್ ಸ್ಟಿಕ್‌ಗಳೂ (ಹೆಬ್ಬೆರಳಿನಿಂದ ಎತ್ತ ಬೇಕಾದರೂ ವಾಲಿಸುವ ಗಿಡ್ಡ ಕಡ್ಡಿಗಳು) ಕೆಳಗೆ, ಅಕ್ಕಪಕ್ಕ ಸಮಾನವಾಗಿ ನಿಂತಿವೆ. ಮೈಕ್ರೊಸಾಫ್ಟಿನ ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲಿ ಎಡ ಸ್ಟಿಕ್ ಮೇಲಿದೆ, ಡಿ-ಪ್ಯಾಡ್ ಕೆಳಗಿದೆ. ಸೋನಿಯ ಜೋಡಣೆಗೆ ಕಾರಣ ಇತಿಹಾಸದಲ್ಲಿದೆ. 1994ರ ಮೂಲ ಕಂಟ್ರೋಲರಿನಲ್ಲಿ ಸ್ಟಿಕ್ ಇರಲೇ ಇಲ್ಲ, ಹೆಬ್ಬೆರಳು ಸಹಜವಾಗಿ ಬೀಳುವ ಜಾಗದಲ್ಲಿ ಡಿ-ಪ್ಯಾಡ್ ಕೂತಿತ್ತು. 1997ರಲ್ಲಿ ಮೂರು ಆಯಾಮದ ಆಟಗಳಿಗಾಗಿ ಸ್ಟಿಕ್ ಸೇರಿಸುವಾಗ ಖಾಲಿ ಇದ್ದದ್ದು ಕೆಳಗಿನ ಜಾಗ. ಹಾಗಾಗಿ ಎಡ ಹೆಬ್ಬೆರಳು ಇಂದಿಗೂ ಒಳಕ್ಕೆ, ಕೆಳಕ್ಕೆ ಚಾಚಬೇಕು. ಎಕ್ಸ್‌ಬಾಕ್ಸ್‌ನಲ್ಲಿ ಅದು ನೇರವಾಗಿ ಮಲಗುತ್ತದೆ. ಪಾತ್ರವನ್ನು ನಡೆಸುವುದೇ ಎಡ ಸ್ಟಿಕ್ ಆಗಿರುವ ಇಂದಿನ ಆಟಗಳಲ್ಲಿ ನನಗೆ ಎಕ್ಸ್‌ಬಾಕ್ಸ್ ಜೋಡಣೆಯೇ ಸರಿಯೆನ್ನಿಸುತ್ತದೆ. ಎದುರು ಪಕ್ಷದ ವಾದವನ್ನೂ ತಳ್ಳಿಹಾಕಲಾಗದು. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಎರಡೂ ಹೆಬ್ಬೆರಳು ಸ್ಟಿಕ್ ಮೇಲಿರುತ್ತವೆ, ಆಗ ಎರಡೂ ಕೈಗೆ ಒಂದೇ ಭಂಗಿ ಸಿಗುವುದು ಹಿತ ಎನ್ನುವವರಿದ್ದಾರೆ. ಡಿ-ಪ್ಯಾಡ್ ನೆಚ್ಚುವ ಹಳೆಯ ಎರಡು ಆಯಾಮದ ಆಟಗಳಿಗಂತೂ ಸೋನಿಯ ಜೋಡಣೆಯೇ ಮೇಲು. ನಿಂಟೆಂಡೊ 2012ರಲ್ಲಿ ವೀ ಯು ಪ್ರೊ ಕಂಟ್ರೋಲರ್‌ನ ಎರಡೂ ಸ್ಟಿಕ್‌ಗಳನ್ನು ಮೇಲಕ್ಕೇರಿಸಿ ನೋಡಿತ್ತು, ಆ ದಾರಿಯನ್ನು ತನ್ನ ಮುಂದಿನ ಕಂಟ್ರೋಲರ್‌ಗಳಲ್ಲಿ ಮುಂದುವರಿಸಲಿಲ್ಲ.

ಗಾತ್ರದ ಕಥೆ ಇನ್ನೂ ಸ್ಪಷ್ಟ. 2001ರ ಮೊದಲ ಎಕ್ಸ್‌ಬಾಕ್ಸ್ ಕಂಟ್ರೋಲರ್ ಎಷ್ಟು ದೊಡ್ಡದಿತ್ತೆಂದರೆ ಅದಕ್ಕೆ ಡ್ಯೂಕ್ ಎಂಬ ಅಡ್ಡಹೆಸರೇ ಅಂಟಿಕೊಂಡಿತು. ಒಳಗಿನ ಸರ್ಕ್ಯೂಟ್ ಬೋರ್ಡ್ ದೊಡ್ಡದಾಗಿದ್ದರಿಂದ ಹೊರಗಿನ ಕವಚವೂ ಹಿಗ್ಗಿತು. ಅಂದರೆ ಕೈಗೆ ತಕ್ಕ ವಸ್ತುವಿನ ಬದಲು ಬೋರ್ಡಿಗೆ ತಕ್ಕ ವಸ್ತು ತಯಾರಾಯಿತು. ಜಪಾನಿನ ಮಾರುಕಟ್ಟೆಗೆಂದು ಅಕೆಬೊನೊ ಎಂಬ ಗುಪ್ತನಾಮದಲ್ಲಿ ಚಿಕ್ಕ ಕಂಟ್ರೋಲರ್ ಸಿದ್ಧವಾಯಿತು. ಅಮೆರಿಕದ ಆಟಗಾರರೂ ಅದನ್ನೇ ಬಯಸಿದರು, ಬೇಗನೆ ಎಲ್ಲೆಡೆ ಅದೇ ಮಾಮೂಲಿ ಕಂಟ್ರೋಲರ್ ಆಯಿತು. 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕಂಟ್ರೋಲರ್ ರೂಪಿಸುವಾಗ ಮೈಕ್ರೊಸಾಫ್ಟ್ ಸರಾಸರಿ ಎಂಟು ವರ್ಷದ ಮಗುವಿನ ಕೈಯಷ್ಟು ಚಿಕ್ಕ ಕೈಗಳನ್ನೂ ಗಣನೆಗೆ ತೆಗೆದುಕೊಂಡಿತು. ಹಿಡಿಗಳನ್ನು ಕೊಂಚ ತೆಳುವಾಗಿಸಿದರು, ಮೇಲಿನ ಬಂಪರ್ ಬಟನ್‌ಗಳನ್ನು ದುಂಡಗಾಗಿಸಿದರು. ದೊಡ್ಡ ಕೈಯವರಿಗೆ ಇದರಿಂದ ತೊಂದರೆಯಾಗಲಿಲ್ಲ ಎಂಬುದು ಕಂಪನಿಯ ಮಾತು. ಚಿಕ್ಕ ಕೈ ದೊಡ್ಡ ವಸ್ತುವಿಗೆ ಸೋಲುತ್ತದೆ, ದೊಡ್ಡ ಕೈ ಚಿಕ್ಕ ವಸ್ತುವನ್ನು ಹೇಗೋ ಸುಧಾರಿಸಿಕೊಳ್ಳುತ್ತದೆ. ಅಳತೆ ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ.

ಅಳತೆ ತಪ್ಪಿದರೆ, ಆಟ ಮಿತಿಮೀರಿದರೆ ಮೈ ದೂರು ಕೊಡುತ್ತದೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆ 1990ರಲ್ಲಿಯೇ ನಿಂಟೆಂಡಿನೈಟಿಸ್ ಎಂಬ ತಲೆಬರಹದ ಪತ್ರವೊಂದನ್ನು ಪ್ರಕಟಿಸಿತ್ತು. ಬಿಡುವಿಲ್ಲದೆ ಐದು ಗಂಟೆ ಆಡಿ ಬಲ ಹೆಬ್ಬೆರಳು ನೋಯಿಸಿಕೊಂಡ 35 ವರ್ಷದ ಮಹಿಳೆಯೊಬ್ಬರ ವಿಷಯ ಅದರಲ್ಲಿತ್ತು. ನಿಂಟೆಂಡೊ 64ರ ಮಾರಿಯೊ ಪಾರ್ಟಿ ಆಟದಲ್ಲಿ ಸ್ಟಿಕ್ಕನ್ನು ಗರಗರ ತಿರುಗಿಸುವ ಸ್ಪರ್ಧೆಗಳಿದ್ದವು. ಹೆಬ್ಬೆರಳಿನಿಂದ ಸಾಕಷ್ಟು ವೇಗ ಬರದೆ ಮಕ್ಕಳು ಅಂಗೈಯನ್ನೇ ಸ್ಟಿಕ್ ಮೇಲೆ ಒತ್ತಿ ತಿರುಗಿಸಿದರು, ಚರ್ಮ ಸುಲಿಯಿತು, ಬೊಬ್ಬೆ ಎದ್ದವು. ನ್ಯೂಯಾರ್ಕಿನ ಅಟಾರ್ನಿ ಜನರಲ್ ಕಚೇರಿಯ ಜೊತೆ 2000ನೇ ಇಸವಿಯಲ್ಲಿ ಆದ ಒಪ್ಪಂದದಂತೆ ನಿಂಟೆಂಡೊ ಆಟಗಾರರಿಗೆ ಕೈಗವಸು ಕೊಡಲು ಒಪ್ಪಿತು. ಕಂಟ್ರೋಲರ್ ಒಂದೇ ಆಗಿದ್ದರೂ ಆಟ ಕೇಳುವ ಚಲನೆ ಬದಲಾದರೆ ಹಿತವೂ ಬದಲಾಗುತ್ತದೆ. ಆಟವನ್ನು ಬದಿಗಿಟ್ಟು ಕಂಟ್ರೋಲರಿಗೆ ಮಾತ್ರ ಅಂಕ ಕೊಡುವ ವಿಮರ್ಶೆಗಳು ಅಪೂರ್ಣ ಎನ್ನುವುದು ಇದಕ್ಕೇ.

ಹಿತವೇ ಬೇರೆ, ಒಲವೇ ಬೇರೆ. ಇವೆರಡನ್ನೂ ಬೆರೆಸಿ ಮಾತನಾಡುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ. ಹಿತವನ್ನು ಒಂದು ಮಟ್ಟಿಗೆ ಅಳೆಯಬಹುದು: ಮಣಿಕಟ್ಟಿನ ಕೋನ, ಬಟನ್‌ಗೆ ಬೇಕಾದ ಒತ್ತಡ, ಭಾರ. ಪ್ಲೇಸ್ಟೇಷನ್ 4ರ ಕಂಟ್ರೋಲರ್ ಡ್ಯುಯಲ್‌ಶಾಕ್ 4 ಸುಮಾರು 210 ಗ್ರಾಂ ಇತ್ತು, ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಸುಮಾರು 280 ಗ್ರಾಂ. ಬರೀ ಭಾರ ನೋಡಿದರೆ ಹಳೆಯದೇ ಗೆಲ್ಲಬೇಕು. ಆದರೂ ಹೊಸದರ ತುಂಬುಹಿಡಿಯನ್ನು ಮೆಚ್ಚುವವರು ಬಹಳ, ಏಕೆಂದರೆ ಅಂಗೈ ತುಂಬಿದಾಗ ಬೆರಳು ಬಿಗಿಹಿಡಿಯಬೇಕಾಗಿಲ್ಲ.

ಒಲವಿನಲ್ಲಿ ರೂಢಿಯ ಪಾಲು ದೊಡ್ಡದು. ಪ್ಲೇಸ್ಟೇಷನ್ ಬಟನ್‌ಗಳಲ್ಲಿ ವೃತ್ತ ಅಂದರೆ ಹೌದು, ಅಡ್ಡಗೀಟು (X ಗುರುತು) ಅಂದರೆ ಬೇಡ ಎಂಬುದು ಗೊತೊ ಅವರ ಕಲ್ಪನೆ. ಜಪಾನಿನಲ್ಲಿ ಹಾಗೆಯೇ ನಡೆಯಿತು. ಅಮೆರಿಕ, ಯುರೋಪಿನ ಆಟಗಳಲ್ಲಿ ಅಡ್ಡಗೀಟೇ ಒಪ್ಪಿಗೆಯ ಬಟನ್ ಆಯಿತು. 2020ರಲ್ಲಿ ಪ್ಲೇಸ್ಟೇಷನ್ 5 ಜಪಾನಿನಲ್ಲೂ ಅಡ್ಡಗೀಟನ್ನೇ ಒಪ್ಪಿಗೆಗೆ ನಿಗದಿಪಡಿಸಿದಾಗ ಅಲ್ಲಿನ ಆಟಗಾರರಿಗೆ ಇರಿಸುಮುರಿಸಾಯಿತು. ಪ್ಲಾಸ್ಟಿಕ್ಕಿನಲ್ಲಿ ಅದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ, ಬದಲಾಗಬೇಕಾದದ್ದು ಇಪ್ಪತ್ತೈದು ವರ್ಷಗಳ ಕೈರೂಢಿ. ನಿಂಟೆಂಡೊ ಮತ್ತು ಎಕ್ಸ್‌ಬಾಕ್ಸ್ ಎರಡನ್ನೂ ಆಡುವವರಿಗೂ ಇದು ಗೊತ್ತು. ಒಂದರಲ್ಲಿ ಎ ಬಲಗಡೆ, ಇನ್ನೊಂದರಲ್ಲಿ ಕೆಳಗಡೆ, ಒಪ್ಪಿಗೆ ಕೊಡಲು ಹೋಗಿ ರದ್ದು ಮಾಡುವುದು ನಿತ್ಯದ ಪಾಡು.

ರೂಢಿ ಬರೀ ಹಟವೂ ಅಲ್ಲ. ನಿಂಟೆಂಡೊದ 2001ರ ಗೇಮ್‌ಕ್ಯೂಬ್ ಕಂಟ್ರೋಲರ್ ನೋಡಲು ವಿಚಿತ್ರ: ನಡುವೆ ದೊಡ್ಡ ಹಸಿರು ಬಟನ್, ಸುತ್ತ ಬೇರೆಬೇರೆ ಆಕಾರದ ಮೂರು, ಸ್ಟಿಕ್ ಸುತ್ತ ಎಂಟು ಮೂಲೆಯ ಅಂಚು. ಸೂಪರ್ ಸ್ಮ್ಯಾಶ್ ಬ್ರದರ್ಸ್ ಆಟಗಾರರು ಅದನ್ನು ಬಿಡಲು ಒಪ್ಪಲಿಲ್ಲ, ನಿಂಟೆಂಡೊ 2014ರಲ್ಲೂ 2018ರಲ್ಲೂ ಅದನ್ನು ಮತ್ತೆ ತಯಾರಿಸಿತು. ಆಕಾರ ಬೇರೆಬೇರೆ ಇರುವುದರಿಂದ ಯಾವ ಬಟನ್ ಮುಟ್ಟಿದೆ ಎಂದು ಹೆಬ್ಬೆರಳಿಗೆ ನೋಡದೆಯೇ ತಿಳಿಯುತ್ತದೆ. ಎಂಟು ಮೂಲೆಯ ಅಂಚಿಗೆ ತಾಗಿದಾಗ ಸ್ಟಿಕ್ ಸರಿಯಾದ ದಿಕ್ಕಿಗೆ ನಿಂತಿದೆ ಎಂದು ಖಾತರಿಯಾಗುತ್ತದೆ. ಇದು ಒಲವೂ ಹೌದು, ಕೆಲಸದ ಲೆಕ್ಕವೂ ಹೌದು.

ಕಂಟ್ರೋಲರ್ ಒದಗಿಸದ್ದನ್ನು ಆಟಗಾರರು ಕೈ ತಿರುಚಿ ಪಡೆದುಕೊಳ್ಳುವುದೂ ಉಂಟು. ಕೈಯಲ್ಲಿ ಹಿಡಿದು ಆಡುವ ಸೋನಿಯ ಯಂತ್ರ ಪಿಎಸ್‌ಪಿಯಲ್ಲಿ ಎರಡನೆಯ ಸ್ಟಿಕ್ ಇರಲಿಲ್ಲ. ಮಾನ್‌ಸ್ಟರ್ ಹಂಟರ್ ಆಡುವವರು ಎಡ ಹೆಬ್ಬೆರಳಿನಿಂದ ನಡೆಯುತ್ತ, ಎಡ ತೋರುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ ಡಿ-ಪ್ಯಾಡ್ ಒತ್ತಿ ಕ್ಯಾಮೆರಾ ತಿರುಗಿಸುತ್ತಿದ್ದರು. ಇದಕ್ಕೆ ಕ್ಲಾ ಹಿಡಿತ ಎನ್ನುತ್ತಾರೆ. ಸ್ಟಿಕ್ ಬಿಡದೆ ಬಟನ್ ಒತ್ತುವ ಇದೇ ಅಗತ್ಯಕ್ಕೆ 2015ರ ಎಕ್ಸ್‌ಬಾಕ್ಸ್ ಎಲೀಟ್ ಕಂಟ್ರೋಲರ್ ಹಿಂಭಾಗದಲ್ಲಿ ಬೆರಳಿನಿಂದ ಒತ್ತುವ ಪಟ್ಟಿಗಳನ್ನು, ಅಂದರೆ ಪ್ಯಾಡಲ್‌ಗಳನ್ನು ಕೊಟ್ಟಿತು, ಸೋನಿಯೂ 2023ರಲ್ಲಿ ಅಂಥದ್ದೇ ಡ್ಯುಯಲ್‌ಸೆನ್ಸ್ ಎಡ್ಜ್ ತಂದಿತು. ಸುಮ್ಮನೆ ಭಾರ ಹೊರುತ್ತಿದ್ದ ಉಂಗುರಬೆರಳು, ನಡುಬೆರಳುಗಳಿಗೆ ಕೆಲಸ ಬಂತು. ಇಂಥ ಅನುಕೂಲ ದುಬಾರಿ ಕಂಟ್ರೋಲರ್‌ಗಳಿಗೇ ಮೀಸಲಾಗಿರುವುದು ನನಗೆ ಸರಿಕಾಣುವುದಿಲ್ಲ. ಬೆರಳು ನೋಯದಿರುವುದು ಐಷಾರಾಮವಲ್ಲ.

ಎರಡು ಕೈ, ಹತ್ತು ಬೆರಳು ಎಂಬ ಲೆಕ್ಕವೇ ಹೊಂದದವರಿಗಾಗಿ ಮೈಕ್ರೊಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಿತು. ಮೇಲೆ ಎರಡು ಅಗಲ ಬಟನ್, ಹಿಂದೆ ಸಾಲಾಗಿ 3.5 ಮಿಲಿಮೀಟರ್ ಜಾಕ್‌ಗಳು. ಕಾಲಿನಿಂದ, ಮೊಣಕೈಯಿಂದ, ಗಲ್ಲದಿಂದ ಒತ್ತುವ ಸ್ವಿಚ್‌ಗಳನ್ನು ಬೇಕಾದಂತೆ ಸಿಕ್ಕಿಸಬಹುದು. ಸೋನಿಯ ಆಕ್ಸೆಸ್ ಕಂಟ್ರೋಲರ್ 2023ರ ಡಿಸೆಂಬರಿನಲ್ಲಿ ಬಂತು. ಇವುಗಳಿಗೆ ನಿಗದಿತ ಹಿಡಿತವೆಂಬುದೇ ಇಲ್ಲ, ಆಡುವವರೇ ತಮ್ಮ ಮೈಗೆ ತಕ್ಕಂತೆ ಜೋಡಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಹೆಚ್ಚಿನ ಹುಡುಗರು ಆಡುವುದು ಮೊಬೈಲಿನಲ್ಲಿ. ಗಾಜಿನ ಹಲಗೆಗೆ ಹಿಡಿಯಿಲ್ಲ, ಬಟನ್ ಎಲ್ಲಿದೆ ಎಂದು ಬೆರಳಿಗೆ ತಿಳಿಸುವ ಉಬ್ಬಿಲ್ಲ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುವವರು ನಾಲ್ಕು ಬೆರಳಿನ ಕ್ಲಾ ಹಿಡಿತಕ್ಕೆ ಇಳಿದಾಗ ಮಣಿಕಟ್ಟು ಒಳಕ್ಕೆ ಮುರಿದು ನಿಲ್ಲುತ್ತದೆ, ಫೋನಿನ ಭಾರವೆಲ್ಲ ಕಿರುಬೆರಳುಗಳ ಮೇಲೆ ಬೀಳುತ್ತದೆ. ಫೋನಿಗೆ ಸಿಕ್ಕಿಸುವ ಅಥವಾ ಬ್ಲೂಟೂತ್ ಮೂಲಕ ಕೆಲಸ ಮಾಡುವ ಕಂಟ್ರೋಲರ್ ಕೊಳ್ಳುವ ಮುನ್ನ ಆಟ ಅದನ್ನು ಒಪ್ಪುತ್ತದೆಯೇ ಎಂದು ನೋಡಿಕೊಳ್ಳಬೇಕು, ಎಲ್ಲ ಆಟಗಳೂ ಒಪ್ಪುವುದಿಲ್ಲ.

ಅಂಗಡಿಯಲ್ಲಿ ಕಂಟ್ರೋಲರ್ ಕೈಗೆ ಸಿಕ್ಕರೆ ಬಟನ್ ಒತ್ತುವ ಮೊದಲು ಸುಮ್ಮನೆ ಹಿಡಿದು ನೋಡಿ. ಭುಜ ಇಳಿಸಿ, ಮೊಣಕೈಗಳನ್ನು ತೊಡೆಯ ಮೇಲಿಡಿ. ಹೆಬ್ಬೆರಳು ಚಾಚದೆ ಎಡ ಸ್ಟಿಕ್ ಮುಟ್ಟುತ್ತದೆಯೇ ಗಮನಿಸಿ. ನಂತರ ತೋರುಬೆರಳನ್ನು ಟ್ರಿಗರ್ (ಹಿಂಬದಿಯ ಎಳೆಯುವ ಬಟನ್) ಮೇಲಿಟ್ಟು ಪೂರ್ತಿ ಎಳೆಯಿರಿ, ಬೆರಳಿನ ತುದಿ ಜಾರಿದರೆ ಆ ಟ್ರಿಗರ್ ನಿಮ್ಮ ಕೈಗೆ ಹೊಂದುವುದಿಲ್ಲ. ಕೊನೆಗೆ ಉಳಿದ ಮೂರು ಬೆರಳುಗಳನ್ನು ಸಡಿಲಿಸಿ. ಆಗಲೂ ಕಂಟ್ರೋಲರ್ ಅಂಗೈಯಲ್ಲಿ ನಿಂತರೆ ಭಾರ ಸರಿಯಾಗಿ ಹಂಚಿಕೆಯಾಗಿದೆ, ಮುಂದಕ್ಕೆ ವಾಲಿದರೆ ಆ ಭಾರವನ್ನು ಆಟ ಮುಗಿಯುವವರೆಗೂ ನಿಮ್ಮ ಬೆರಳುಗಳೇ ಹೊರಬೇಕಾಗುತ್ತದೆ.