ಹೀಯಾಳಿಕೆಗೆ ನೊಂದು ಶಾಲೆಗೆ ಹೋಗದ ಮಗಳು: ವರ್ಷ ಹಾಳಾಗದಂತೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಮಗಳಿಗೆ ಹದಿನೈದು ವರ್ಷ, ಎಸ್‌ಎಸ್‌ಎಲ್‌ಸಿ ಓದುತ್ತಿದ್ದಾಳೆ. ಸಹಪಾಠಿಗಳು ಅಡ್ಡಹೆಸರಿಟ್ಟು ಹೀಯಾಳಿಸುತ್ತಾರೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವಳ ಫೋಟೊ ಹಾಕಿ ನಗುತ್ತಾರೆ. ಈಗ ಶಾಲೆಯ ಮಾತೆತ್ತಿದರೆ ಹೊಟ್ಟೆನೋವು, ರಾತ್ರಿ ನಿದ್ದೆಯಿಲ್ಲ. ಎರಡು ತಿಂಗಳಿಂದ ಶಾಲೆಗೆ ಹೋಗಿಲ್ಲ. ವರ್ಷ ಹಾಳಾಗದಂತೆ ಏನು ಮಾಡಬೇಕು?

ಉತ್ತರ: ಹೆತ್ತವರನ್ನು ಹೆಚ್ಚು ಕಾಡುವುದು ವರ್ಷದ ಚಿಂತೆ, ಆದರೆ ನಿಮ್ಮ ಮುಂದಿರುವ ತೊಂದರೆಗಳಲ್ಲಿ ಸುಲಭವಾಗಿ ಸರಿಪಡಿಸಬಹುದಾದದ್ದು ಅದೇ. ಆದ್ದರಿಂದ ಟ್ಯೂಷನ್ ಹುಡುಕುವ ಮೊದಲು ಮಗಳಿಗೆ ಚಿಕಿತ್ಸೆ ಕೊಡಿಸಿ.

ಭಾನುವಾರ ಇಲ್ಲದ ಹೊಟ್ಟೆನೋವು ಸೋಮವಾರ ಬೆಳಿಗ್ಗೆ ಬಂದರೆ ಅದು ನಟನೆಯೆಂದು ಮನೆಯವರಿಗೆ ಅನಿಸಬಹುದು. ಆತಂಕವು ದೇಹದಲ್ಲಿ ನಿಜವಾದ ನೋವನ್ನೇ ಉಂಟುಮಾಡುತ್ತದೆ. ರಜೆಯ ದಿನ ಅದು ಕಾಣಿಸಿಕೊಳ್ಳದಿರುವುದು ಭಯದ ಮೂಲ ಎಲ್ಲಿದೆಯೆಂಬುದರ ಸೂಚನೆಯೇ ಹೊರತು ಸುಳ್ಳಿಗೆ ಸಾಕ್ಷಿಯಲ್ಲ. ದೈಹಿಕ ಕಾಯಿಲೆ ಇಲ್ಲವೆಂಬುದನ್ನು ವೈದ್ಯರಿಂದ ಒಮ್ಮೆ ಖಚಿತಪಡಿಸಿಕೊಂಡು ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಷ್ಟೇ ಅಲ್ಲ, ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಈ ಸೇವೆ ದೊರೆಯುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಗೆ (14416) ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಸಾಯುವ ಮಾತು ಬಂದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಮುಂದಿನ ವಾರದ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅವಳನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಬೀಗ ಹಾಕಿಡಿ. ಅಂಥ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ.

ಶಾಲೆಗೆ ದೂರನ್ನು ಬರವಣಿಗೆಯಲ್ಲಿಯೇ ಕೊಡಿ. ಸ್ಕ್ರೀನ್‌ಶಾಟ್, ದಿನಾಂಕ, ನಡೆದದ್ದು ಎಲ್ಲವನ್ನೂ ಸೇರಿಸಿ ಮುಖ್ಯ ಶಿಕ್ಷಕರಿಂದ ಸ್ವೀಕೃತಿ ಪಡೆಯಿರಿ. ಕ್ರಮ ಕೈಗೊಳ್ಳದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೂ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಸಲ್ಲಿಸಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಫೋಟೊವನ್ನು ಅಶ್ಲೀಲವಾಗಿ ಬಳಸಿದ್ದರೆ ಅದು ಶಾಲೆಯ ಒಳಗೇ ಮುಗಿಸುವ ವಿಷಯವಲ್ಲ, ಪೊಲೀಸರಿಗೆ ತಿಳಿಸಬೇಕು. ಆ ಮಕ್ಕಳ ಮನೆಗೆ ಹೋಗಿ ಜಗಳವಾಡುವುದರಿಂದ ಮಾತ್ರ ಅದರ ಏಟು ಮತ್ತೆ ನಿಮ್ಮ ಮಗಳ ಮೇಲೆಯೇ ಬೀಳಬಹುದು. ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಸೇರಿಸುವುದು ಕೆಲವೊಮ್ಮೆ ಸರಿಯೇ, ಆದರೆ ಭಯಕ್ಕೆ ಚಿಕಿತ್ಸೆಯಾಗುವ ಮೊದಲೇ ಸ್ಥಳ ಬದಲಿಸಿದರೆ ಆ ಭಯವೂ, ಫೋನಿನಲ್ಲಿರುವ ಗುಂಪೂ ಅವಳ ಜೊತೆಗೇ ಹೋಗುತ್ತವೆ.

ಹೀಯಾಳಿಕೆ ನಿಂತಿದೆಯೆಂದು ಖಚಿತವಾದ ಮೇಲೆ ಮರಳುವುದನ್ನು ತೀರಾ ಮುಂದೂಡಬೇಡಿ, ಏಕೆಂದರೆ ದೂರವುಳಿದಷ್ಟೂ ಭಯ ಬಲಿಯುತ್ತದೆ. ಮೊದಲು ಗ್ರಂಥಾಲಯದಲ್ಲಿ ಒಂದು ಗಂಟೆ, ಆಮೇಲೆ ಅವಳಿಗೆ ನಂಬಿಕೆಯಿರುವ ಶಿಕ್ಷಕರ ಒಂದು ತರಗತಿ, ಅನಂತರ ಅರ್ಧ ದಿನ ಎಂಬಂತೆ ವೈದ್ಯರೊಂದಿಗೆ ಚರ್ಚಿಸಿ ಹಂತಗಳನ್ನು ನಿರ್ಧರಿಸಿ.

ಇನ್ನು ವರ್ಷದ ವಿಚಾರ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶಾಲೆಯ ಮೂಲಕ ಕೂರಲು ಶೇ 75ರಷ್ಟು ಹಾಜರಾತಿ ಬೇಕು. ಆದ್ದರಿಂದ ವೈದ್ಯಕೀಯ ದಾಖಲೆಗಳೊಂದಿಗೆ ಮುಖ್ಯ ಶಿಕ್ಷಕರ ಬಳಿ ಈಗಲೇ ಮಾತನಾಡಿ. ಈ ಬಾರಿ ಆಗದಿದ್ದರೆ ಮುಂದಿನ ವರ್ಷ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೇ ತರಗತಿಗೆ ಹದಿನಾಲ್ಕು ತುಂಬಿದವರು ಸೇರಬಹುದು: ಉತ್ತೀರ್ಣರಾಗಲು ಐದು ವಿಷಯ, ನೋಂದಣಿಗೆ ಐದು ವರ್ಷಗಳ ಅವಧಿ, ಅಷ್ಟರಲ್ಲಿ ಒಂಬತ್ತು ಪರೀಕ್ಷಾ ಅವಕಾಶ. ಚೇತರಿಸಿಕೊಳ್ಳುತ್ತಿರುವ ಮಗುವಿಗೆ ಇದರಲ್ಲಿ ನಿಜವಾಗಿ ಒದಗುವುದೆಂದರೆ ಒಮ್ಮೆಗೆ ಒಂದೆರಡು ವಿಷಯಗಳನ್ನಷ್ಟೇ ಬರೆಯುವ ಅನುಕೂಲ. (ನೆಂಟರು ಪ್ರತಿ ಮದುವೆಯಲ್ಲೂ ಫಲಿತಾಂಶ ವಿಚಾರಿಸುತ್ತಾರೆ, ಅವರಿಗೆ ಉತ್ತರಿಸುವ ಹೊಣೆ ನಿಮ್ಮದು, ಅವಳದಲ್ಲ.) ಆದರೆ ಮನೆಯಲ್ಲೇ ಓದುವ ಮಗುವಿಗೆ ಒಡನಾಟ ತಪ್ಪಿಹೋಗುವ ಅಪಾಯವಿದೆ. ಆ ದಾರಿ ಹಿಡಿಯುವುದಾದರೆ ಸಂಗೀತವೋ ಆಟವೋ, ಅವಳೇ ಆರಿಸಿಕೊಂಡ ಯಾವುದಾದರೂ ತರಗತಿಗೆ ವಾರದಲ್ಲಿ ಕೆಲವು ದಿನ ಹೋಗುವ ಏರ್ಪಾಡನ್ನು ಅರ್ಜಿ ತುಂಬುವ ಹೊತ್ತಿಗೇ ಮಾಡಿಕೊಳ್ಳಿ.