ಸುದ್ದಿಮನೆಗೆ ವಿಜ್ಞಾನಿಯ ಅರ್ಜಿ: ಒಂದೇ ಪುಟ ಸಾಕು

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯಲ್ಲೋ ಹಾಸನದ ಕಾರೇಕೆರೆ ಕೃಷಿ ಕಾಲೇಜಿನಲ್ಲೋ ದುಡಿಯುವ ವಿಜ್ಞಾನಿ ನಾಲ್ಕು ವಾರ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಕಲಿತರೆ, ಲಾಭ ಬೆಳೆಗಾರರಿಗೇ. ಬ್ರಿಟನ್ನಿನಲ್ಲಿ ಬ್ರಿಟಿಷ್ ಸೈನ್ಸ್ ಅಸೋಸಿಯೇಷನ್ ವಿಜ್ಞಾನಿಗಳನ್ನು ಹೀಗೆ ಮಾಧ್ಯಮಗಳಿಗೆ ಕಳಿಸಲೆಂದೇ ಫೆಲೋಶಿಪ್ ರೂಪಿಸಿತು. ನಮ್ಮ ಜಿಲ್ಲೆಗಳಲ್ಲಿ ಪತ್ರಿಕೆಯ ಸಂಪಾದಕರಿಗೋ ಹಾಸನ ಆಕಾಶವಾಣಿಗೋ ಇಂಥ ಅವಕಾಶಕ್ಕಾಗಿ ನೇರವಾಗಿ ಬರೆದು ಕೇಳುವುದು ಒಳ್ಳೆಯದು.

ಅರ್ಜಿ ಸೋಲುವುದು ಹೆಚ್ಚಾಗಿ ಅದರ ಉದ್ದದಿಂದ. ಪ್ರಬಂಧಗಳ ಪಟ್ಟಿ ಹೊತ್ತ ಎಂಟು ಪುಟದ ಬಯೋಡೇಟಾ ಸುದ್ದಿಮನೆಗೆ ಬೇಡ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರುತ್ತೀರಿ, ಏನು ಬರೆಯಬಲ್ಲಿರಿ, ನಿಮ್ಮ ಕಚೇರಿ ಒಪ್ಪಿದೆಯೇ: ಇಷ್ಟು ಮೊದಲ ಅರ್ಧ ಪುಟದಲ್ಲೇ ಸಿಗಬೇಕು. ಕಾಫಿ ಗಿಡದ ಕಾಂಡ ಕೊರೆಯುವ ಕೀಟ ಕಾಂಡಕೊರಕದ ಮೇಲೆ ಕೆಲಸ ಮಾಡುವವರು ಏಪ್ರಿಲ್–ಮೇ, ಅಕ್ಟೋಬರ್–ಡಿಸೆಂಬರ್ ಬಿಟ್ಟು ಕೇಳಲಿ. ಅದರ ದುಂಬಿ ಹಾರುವ ಆ ತಿಂಗಳುಗಳಲ್ಲಿ ತೋಟ ಬಿಟ್ಟು ಬರಲಾಗದು. ಜುಲೈ–ಆಗಸ್ಟ್ ಚೆನ್ನ. ಮಲೆನಾಡಿನ ಮಳೆ, ಗುಡ್ಡ ಕುಸಿತ, ಕೊಳೆರೋಗದ ಸುದ್ದಿ ಬರುವ ಹೊತ್ತಿಗೆ ವಿಜ್ಞಾನ ಬಲ್ಲವರೊಬ್ಬರು ಡೆಸ್ಕಿಗೆ ಬೇಕೇ ಬೇಕು.

ಮಾದರಿ ಬರಹ 300 ಪದ ಮೀರಬಾರದು. ಅರ್ಜಿಯ ಜೀವವೇ ಇದು. ‘ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಕೀಟದ ಸಮಗ್ರ ನಿರ್ವಹಣೆಯ ಅಧ್ಯಯನ’ ಎಂದು ಕಾಂಡಕೊರಕದ ಶಾಸ್ತ್ರೀಯ ಹೆಸರಿನಿಂದ ಶುರುಮಾಡಿದರೆ ಉಪಸಂಪಾದಕರು ಎರಡನೇ ಸಾಲಿಗೆ ಹೋಗುವುದಿಲ್ಲ. ‘ತೋಟದ ನೆರಳು ತೀರಾ ತೆಗೆದರೆ ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕದ ಕಾಟ ಹೆಚ್ಚು’ ಎಂದು ಬರೆಯಿರಿ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ದುಂಬಿ ಮೊಟ್ಟೆಯಿಡುತ್ತದೆ, ಹುಳು ಒಳಗೆ ಕೊರೆಯುತ್ತದೆ ಎಂಬ ಕಾರಣ ಆಮೇಲೆ ಬರಲಿ. ಹುಳು ಹತ್ತಿದ ಗಿಡ ಕಿತ್ತು ಸುಡಬೇಕೆನ್ನುವುದನ್ನು ಮಾತ್ರ ಕೊನೆಗೆ ತಳ್ಳಬೇಡಿ, ಜಾಗ ಸಾಲದಿದ್ದರೆ ಸುದ್ದಿಯನ್ನು ಕತ್ತರಿಸುವುದು ಕೆಳಗಿನಿಂದ.

ಜೊತೆಗೆ ಮೂರು ಸುದ್ದಿ ಐಡಿಯಾ ಕೊಡಿ, ಒಂದು ಮಾತ್ರ ನಿಮ್ಮ ಕ್ಷೇತ್ರದ್ದಿರಲಿ. ಮೂರೂ ಸ್ವಂತ ಸಂಶೋಧನೆಯದ್ದಾದರೆ ಪ್ರಚಾರಕ್ಕೆ ಬಂದವರೆಂದೇ ಓದಿಕೊಳ್ಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ನಿಮ್ಮ ಸಂಸ್ಥೆಯ ಸುದ್ದಿ, ಸಹೋದ್ಯೋಗಿಗಳ ಅಪ್ರಕಟಿತ ಅಂಕಿಅಂಶ ಮುಟ್ಟುವುದಿಲ್ಲ ಎಂದು ಪತ್ರದಲ್ಲೇ ಬರೆದುಕೊಡಿ.

ಅನುಮತಿಯ ಕೆಲಸ ಎರಡು ತಿಂಗಳು ಮೊದಲೇ ಹಿಡಿಯಿರಿ. ಕೇಂದ್ರ ಸರ್ಕಾರಿ ನೌಕರರಿಗೆ 1964ರ ನಡತೆ ನಿಯಮಗಳ 8ನೇ ನಿಯಮ ಅನ್ವಯಿಸುತ್ತದೆ: ಪತ್ರಿಕೆಯ ಸಂಪಾದನೆಯಲ್ಲಿ ತೊಡಗಲು ಪೂರ್ವಾನುಮತಿ ಬೇಕು, ಮಾಧ್ಯಮದಲ್ಲಿ ಆಡಿದ್ದು ಸ್ವಂತ ಅಭಿಪ್ರಾಯ ಎಂದು ಸ್ಪಷ್ಟಪಡಿಸಬೇಕು. ವಿಶ್ವವಿದ್ಯಾಲಯದವರು ತಮ್ಮ ಸೇವಾ ನಿಯಮ ನೋಡಿಕೊಳ್ಳಲಿ. ಮುಖ್ಯಸ್ಥರ ಬಾಯಿಮಾತಿನ ಒಪ್ಪಿಗೆ ಸಾಲದು. ಅವಧಿ, ಅದು ಕರ್ತವ್ಯವೋ ಗಳಿಕೆ ರಜೆಯೋ, ಸಂಭಾವನೆ ಪಡೆಯಬಹುದೋ ಎಲ್ಲವೂ ಆದೇಶದಲ್ಲಿರಬೇಕು.

ಕಳಿಸಿ ವಾರವಾದ ಮೇಲೆ ಒಮ್ಮೆ ಫೋನ್ ಮಾಡಿ, ಬೆಳಿಗ್ಗೆ 11ರ ಸುಮಾರಿಗೆ. ಸಂಜೆ ಪುಟ ಕಟ್ಟುವ ಹೊತ್ತಿನಲ್ಲಿ ಬೇಡ.